ಕಲ್ಲಿಗೆ ಅಂಟಿದ ಮೊಟ್ಟೆಗಳು

ಅಮೆರಿಕದ ಮಿಶಿಗನ್ ರಾಜ್ಯದ ಬ್ಲ್ಯಾಕ್ ನದಿಗೆ ಪ್ರತಿ ವಸಂತದಲ್ಲೂ ಲೇಕ್ ಸ್ಟರ್ಜನ್ ಮೀನುಗಳು ಸರೋವರದಿಂದ ಏರಿಬರುತ್ತವೆ. ಹರಿವ ನೀರಿನ ಕಲ್ಲುಗಳ ನಡುವೆ ಹೆಣ್ಣು ಮೀನು ಲಕ್ಷಗಟ್ಟಲೆ ಮೊಟ್ಟೆ ಚೆಲ್ಲಿ ಹಿಂದಿರುಗುತ್ತದೆ, ಕಾವಲಿಗೆ ನಿಲ್ಲುವುದಿಲ್ಲ. ಅಂಟುಳ್ಳ ಮೊಟ್ಟೆಗಳು ಕಲ್ಲಿಗೆ ಕಚ್ಚಿಕೊಳ್ಳುತ್ತವೆ. ಸೀಗಡಿಯ ಬಂಧುವಾದ ಕ್ರೇಫಿಶ್, ತಳದಲ್ಲಿ ಮೇಯುವ ಸಕರ್ ಮೀನು, ಇವು ಅವನ್ನು ಹೆಕ್ಕಿ ತಿನ್ನುತ್ತವೆ.

ಒಡೆದು ಬಂದ ಮರಿ ಕೆಲವು ದಿನ ಜಲ್ಲಿಯ ಸಂದಿಯಲ್ಲಿ ಅಡಗಿರುತ್ತದೆ. ಒಡಲಿನಲ್ಲಿ ಉಳಿದ ಮೊಟ್ಟೆಯ ಹಳದಿ ಕರಗುತ್ತ ಬಂದಾಗ ಹೊರಬಿದ್ದು, ಹೆಚ್ಚಾಗಿ ರಾತ್ರಿಯಲ್ಲೇ ಹೊಳೆಯೊಡನೆ ತೇಲುತ್ತದೆ. ಕಣ್ಣಿನಿಂದ ಬೇಟೆ ಹುಡುಕುವ ಮೀನುಗಳಿಂದ ಅದನ್ನು ಮರೆಮಾಡುವುದು ಕತ್ತಲೆಯೇ. ಮುಂದೆ ಮೈಮೇಲೆ ಚೂಪಾದ ಎಲುಬಿನ ಫಲಕಗಳು ಮೂಡುತ್ತವೆ.

ಹೆಣ್ಣು ಮೊದಲ ಸಲ ಮೊಟ್ಟೆಯಿಡಲು ಸುಮಾರು 20 ವರ್ಷ ಬೇಕು. ಹೀಗಾಗಿ ಇವುಗಳ ಸಂಖ್ಯೆ ಬೇಗ ಏರದು; ಅದಕ್ಕೇ ಇಲ್ಲಿ ನದಿದಡದ ಸಾಕಣೆ ಕೇಂದ್ರದಲ್ಲಿ ಮರಿಗಳನ್ನು ಬೆಳೆಸಿ, ನದಿಯ ನೀರಿಗೇ ಬಿಡಲಾಗುತ್ತದೆ.