ಮದ್ರಾಸಿನಲ್ಲಿ ಸಿಕ್ಕ ‘ಏಷ್ಯಾ’

ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಮಲಗಿದರೆ ನವಲಗುಂದದ ಎರೆ ಸೀಮೆಯಲ್ಲಿ ಎಷ್ಟು ಚುಕ್ಕಿ ಕಾಣುತ್ತವೆ, ನಿಮಗೇ ಗೊತ್ತು. ಅವುಗಳಲ್ಲಿ ಒಂದೇ ಒಂದು ಚುಕ್ಕಿ ನಿನ್ನೆಗಿಂತ ಇವತ್ತು ತುಸು ಸರಿದಿದ್ದರೆ ಗುರುತು ಹಿಡಿಯುತ್ತೀರಾ?

1861ರ ಏಪ್ರಿಲ್ 17ರಂದು ಮದ್ರಾಸ್ ವೀಕ್ಷಣಾಲಯದಲ್ಲಿ ನಾರ್ಮನ್ ಪೋಗ್ಸನ್ ಅಂಥದ್ದೊಂದನ್ನು ಹಿಡಿದರು. ಇಂಗ್ಲೆಂಡಿನಿಂದ ಅವರು ಇಲ್ಲಿಗೆ ಬಂದಿದ್ದು ಅದೇ ವರ್ಷ. ಆಗ ಫೋಟೊ ತೆಗೆದು ಹುಡುಕುವ ಪದ್ಧತಿ ಇರಲಿಲ್ಲ. ಚುಕ್ಕಿಗಳ ನಕ್ಷೆ ಪಕ್ಕಕ್ಕಿಟ್ಟುಕೊಂಡು ದೂರದರ್ಶಕಕ್ಕೆ ಕಣ್ಣು ಹಚ್ಚಿ ಕೂರಬೇಕು. ನಕ್ಷೆಯಲ್ಲಿಲ್ಲದ ಚುಕ್ಕಿ ಕಂಡರೆ ಕಾಯಬೇಕು. ಉಳಿದ ಚುಕ್ಕಿಗಳ ನಡುವೆ ಅದು ಸರಿಯತೊಡಗಿದರೆ ಅದು ನಕ್ಷತ್ರವಲ್ಲ, ನಮ್ಮ ಭೂಮಿಯಂತೆ ಸೂರ್ಯನನ್ನು ಸುತ್ತುವ ಕಾಯ. ಏಷ್ಯಾ ಖಂಡದಲ್ಲಿ ಸಿಕ್ಕ ಮೊದಲ ಕ್ಷುದ್ರಗ್ರಹ ಅದು. ಹಾಗಾಗಿ ಹೆಸರೂ ‘ಏಷ್ಯಾ’, ಕ್ರಮಸಂಖ್ಯೆ 67.

ಮಂಗಳ ಮತ್ತು ಗುರು ಗ್ರಹಗಳ ನಡುವಿನ ಪಟ್ಟಿಯಲ್ಲಿ ಅದರ ದಾರಿ. ಸೂರ್ಯನಿಂದ ಸರಾಸರಿ 36 ಕೋಟಿ ಕಿ.ಮೀ. ದೂರ, ಒಂದು ಸುತ್ತಿಗೆ ಸುಮಾರು 3 ವರ್ಷ 9 ತಿಂಗಳು. ತನ್ನ ಸುತ್ತ ತಾನು ತಿರುಗಲು 16 ಗಂಟೆ ಸಾಕು. ಕಲ್ಲಿನ ಗುಂಡು, ಅಗಲ ಸುಮಾರು 58 ಕಿ.ಮೀ. ಅಣ್ಣಿಗೇರಿಯಲ್ಲಿ ಬಸ್ ಹತ್ತಿ ಹುಬ್ಬಳ್ಳಿ ಮೇಲೆ ಧಾರವಾಡ ಮುಟ್ಟಿದರೆ ಹೆಚ್ಚುಕಡಿಮೆ ಅಷ್ಟೇ ದೂರ. ಬರಿಗಣ್ಣಿಗೆ ಮಾತ್ರ ಕಾಣುವುದಿಲ್ಲ.

ಮುಂದೆ ಮದ್ರಾಸಿನಿಂದಲೇ ಸ್ಯಾಫೊ, ಸಿಲ್ವಿಯಾ, ಕ್ಯಾಮಿಲ್ಲಾ, ವೆರಾ ಸಿಕ್ಕವು. ನಾಲ್ಕೂ ಪೋಗ್ಸನ್ ಹೆಸರಿನಲ್ಲೇ ಇವೆ. ಆದರೆ ಅದೇ ವೀಕ್ಷಣಾಲಯದಲ್ಲಿ, ಪೋಗ್ಸನ್ ಬರುವುದಕ್ಕೂ ಮೊದಲಿನಿಂದ, ಚಿಂತಾಮಣಿ ರಘುನಾಥಾಚಾರಿ ಎಂಬ ಸಹಾಯಕರಿದ್ದರು. ನಾವು ಓದಿದ ಶಾಲೆಯ ಪುಸ್ತಕದಲ್ಲಿ ಈ ಹೆಸರು ಇರಲಿಲ್ಲ. ಪಂಚಾಂಗ ಬರೆಯುವ ಮನೆತನದವರು. 1867ರಲ್ಲಿ, ಬೆಳಕು ಏರಿಳಿಯುವ ನಕ್ಷತ್ರವೊಂದನ್ನು ಗುರುತಿಸಿದರು. ಪಂಚಾಂಗದ ಲೆಕ್ಕ ಆಕಾಶಕ್ಕೆ ಹೊಂದದಿದ್ದರೆ ಲೆಕ್ಕವನ್ನೇ ತಿದ್ದಬೇಕು ಎಂದು ವಾದಿಸಿದರು. ಮನೆತನದ ಕಸುಬೇ ಪಂಚಾಂಗವಾಗಿದ್ದವರು ಹಾಗೆ ಹೇಳುವುದು ಸಣ್ಣ ಮಾತಲ್ಲ. 1874ರ ಡಿಸೆಂಬರಿನಲ್ಲಿ ಶುಕ್ರ ಗ್ರಹ ಸೂರ್ಯನ ಮುಂದೆ ಹಾದುಹೋಗುವುದಿತ್ತು. ಅದನ್ನು ಜನರಿಗೆ ತಿಳಿಸಲು ಅವರು ಬರೆದ ಕಿರುಪುಸ್ತಕ ಕನ್ನಡದಲ್ಲೂ ಅಚ್ಚಾಯಿತು! ಸುಮಾರು ನೂರೈವತ್ತು ವರ್ಷದ ಹಿಂದೆ, ಕನ್ನಡದಲ್ಲಿ ವಿಜ್ಞಾನ.

ಆ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕನಾಲ್‌ಗೆ ಸ್ಥಳಾಂತರವಾಯಿತು. ಅದರ ಇಂದಿನ ವಾರಸುದಾರ, ಬೆಂಗಳೂರು ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ಈ ಸಂಸ್ಥೆಯ ಆರ್. ರಾಜಮೋಹನ್ 1988ರಲ್ಲಿ ತಮಿಳುನಾಡಿನ ಕಾವಲೂರಿನಿಂದ ಒಂದು ಕ್ಷುದ್ರಗ್ರಹ ಕಂಡುಹಿಡಿದರು. ‘ಏಷ್ಯಾ’ ಸಿಕ್ಕು ಅಷ್ಟೊತ್ತಿಗೆ 127 ವರ್ಷ ಆಗಿತ್ತು. ಈ ಸಲ ಇಟ್ಟ ಹೆಸರು, ಗಣಿತಜ್ಞ ರಾಮಾನುಜನ್ ಅವರದ್ದು.