ಏರ್‌ಬ್ಯಾಗ್ ಮುಚ್ಚಳ (ಪ್ರಯಾಣಿಕರ ಬದಿ)

ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಚಾಲಕನ ಪಕ್ಕದ ಸೀಟಿನೆದುರು ಏರ್‌ಬ್ಯಾಗನ್ನು ಮರೆಮಾಡಿರುವ ಪ್ಲಾಸ್ಟಿಕ್ ಹೊದಿಕೆ. ಭಾರತದಲ್ಲಿ 2021ರ ಏಪ್ರಿಲ್ 1ರಿಂದ ಹೊಸ ಮಾದರಿಯ ಕಾರುಗಳಿಗೆ ಈ ಬದಿಯ ಏರ್‌ಬ್ಯಾಗ್ ಕಡ್ಡಾಯ.

ಬಿಸಿಲಿಗೆ ಬಣ್ಣಗೆಟ್ಟ ಮುಚ್ಚಳವನ್ನು ಬಿಚ್ಚುವ ಮೊದಲು ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ ಕಾಯಬೇಕು. ಟೊಯೋಟಾ ಕೈಪಿಡಿಗಳು ಕನಿಷ್ಠ 90 ಸೆಕೆಂಡ್ ಎನ್ನುತ್ತವೆ. ಏರ್‌ಬ್ಯಾಗ್ ವ್ಯವಸ್ಥೆಯ ಕೆಪಾಸಿಟರಿನಲ್ಲಿ ಚೀಲವನ್ನು ಸಿಡಿಸುವಷ್ಟು ವಿದ್ಯುತ್ ಅಷ್ಟು ಹೊತ್ತು ಉಳಿದಿರಬಹುದು. ಏರ್‌ಬ್ಯಾಗಿನ ಹಳದಿ ಕನೆಕ್ಟರಿಗೆ ಮಲ್ಟಿಮೀಟರ್ ತಾಗಿಸುವಂತಿಲ್ಲ. ಹೊರತೆಗೆದ ಏರ್‌ಬ್ಯಾಗ್ ಮಾಡ್ಯೂಲನ್ನು ಮುಚ್ಚಳ ಮೇಲೆ ಬರುವಂತೆಯೇ ಇಡಬೇಕು. ಮಗುಚಿಟ್ಟಾಗ ಸಿಡಿದರೆ ಇಡೀ ಮಾಡ್ಯೂಲೇ ಎಗರುತ್ತದೆ.

ಮುಚ್ಚಳದ ಒಳಮೈಯನ್ನು ಬೆರಳಿನಿಂದ ಸವರಿದರೆ ಹಲವು ಕಾರುಗಳಲ್ಲಿ ಸಣ್ಣ ಗೀರೊಂದು ಸಿಗುತ್ತದೆ. ಅಪಘಾತದಲ್ಲಿ ಹೊದಿಕೆ ಸೀಳುವುದು ಅಲ್ಲೇ. ಹೊರಗಡೆ ಆ ಗೀರಿನ ಮೇಲೆ ದಪ್ಪ ಬಣ್ಣ, ಅಂಟು ಅಥವಾ ಲೆದರ್ ಕೂತರೆ ಸೀಳುವುದು ತಡವಾಗಬಹುದು, ಅಡ್ಡಾದಿಡ್ಡಿಯಾಗಬಹುದು. ಚೀಲ ಉಬ್ಬುವುದೋ ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಹಾಗಾಗಿ ಬಣ್ಣ ಬಳಿಯುವುದಕ್ಕಿಂತ ಕಂಪನಿಯದೇ ಹೊಸ ಭಾಗವನ್ನು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಹಾಕಿಸುವುದೇ ಲೇಸು.