ಮಂಗನ ಕಾಯಿಲೆ, ಮತ್ತ ಹಕ್ಕಿ ಮ್ಯಾಲಿನ ಅನುಮಾನ

ಹಿಂಗಾರಿ ಜೋಳ ಹಾಲುಗಾಳಿಗೆ ಬಂತಂದ್ರ ನಮ್ಮ ಭಂಕೂರ ಸೀಮಿಗೆ ಗುಲಾಬಿ ಮೈಯ, ಕರಿ ತಲಿಯ ಹಕ್ಕಿಗಳು ಹಿಂಡಗಟ್ಟಲೆ ಇಳೀತಾವ. ಅದೇ ಹೊತ್ತಿಗೆ ಟಿವಿಯಾಗ ಹಕ್ಕಿಜ್ವರದ ಸುದ್ದಿ ಬಂದ್ರ, "ಪರದೇಶದ ಬ್ಯಾನಿ ಇವೇ ತರ್ತಾವ" ಅಂತ ಕಟ್ಟಿ ಮ್ಯಾಲ ಮಾತು ಸುರು. ಈ ಅನುಮಾನ ನಮ್ಮ ರಾಜ್ಯದಾಗ ಹಳೇದು. ಅದರ ಇತಿಹಾಸ ರೈತರು ತಿಳ್ಕೊಂಡಿರಬೇಕ್ರಿ.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಾಗ ಮಂಗ್ಯಾಗಳು ಸಾಯ್ಲಿಕ್ಕೆ ಹತ್ತಿದವು. ಸುತ್ತಲಿನ ಹಳ್ಳಿ ಮಂದಿಗೂ ಜೋರ ಜ್ವರ ಬಂತು, ಸಾವೂ ಆದವು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷೆ ಮಾಡಿದಾಗ ಹೊಸ ವೈರಸ್ ಸಿಕ್ಕಿತು. ಹರಡೋದು ಉಣ್ಣಿಯಿಂದ ಅಂತ ಗೊತ್ತಾಯ್ತು.

ಈ ವೈರಸ್ಸು ರಷ್ಯಾದ ಉಣ್ಣಿಜ್ವರದ ವೈರಸ್ಸಿನ ಬಳಗದ್ದು. ಹಂಗಾಗಿ, ಸೈಬೀರಿಯಾ ಕಡಿಯಿಂದ ಬರೋ ಹಕ್ಕಿಗಳೇ ಉಣ್ಣಿ ಹೊತ್ತು ತಂದವೇನು ಅನ್ನೋ ಪ್ರಶ್ನೆ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಸಲೀಂ ಅಲಿಯವರ ಮುಂದಾಳತ್ವದಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ಹಕ್ಕಿ ಹಿಡಿದು ಕಾಲಿಗೆ ಉಂಗುರ ಹಾಕಿ ಬಿಡೋ ಕೆಲಸ ಹಚ್ಚಿಕೊಂಡಿತು. ಹಕ್ಕಿ ಮೈಮೇಲಿನ ಉಣ್ಣಿನೂ ಆರಿಸಿ ನೋಡಿದ್ರು. ಯಾವ ಹಕ್ಕಿ ಎಲ್ಲಿಂದ ಬರ್ತದ ಅನ್ನೋದು ತಿಳೀತು. ಆದ್ರ ಅವು ಸೈಬೀರಿಯಾದಿಂದ ಈ ರೋಗ ತಂದವು ಅನ್ನೋದಕ್ಕ ಪುರಾವೆ ಸಿಗಲಿಲ್ಲ.

ಸಿಕ್ಕ ಕಾರಣ ಹತ್ತಿರದ್ದೇ ಇತ್ತು. ಕಾಡು ಕಡಿದು ಗದ್ದಿ ಮಾಡಿದ್ರು, ಕಾಡಿನ ಅಂಚಿಗೆ ದನ ಮೇಯಿಸಿದ್ರು. ಬಲಿತ ಉಣ್ಣಿ ದನದ ರಕ್ತ ಕುಡಿದು ಸಾವಿರಗಟ್ಟಲೆ ತತ್ತಿ ಇಡ್ತದ. ಮರಿ ಉಣ್ಣಿ ಇಲಿ, ಹಕ್ಕಿ, ಮಂಗ್ಯಾನ ಮೈ ಹತ್ತತಾವ. ರೋಗದ ಮಂಗ್ಯಾ ಸತ್ತಲ್ಲಿ ಉಣ್ಣಿ ಉದುರಿ, ಕಟ್ಟಿಗಿ-ದರಗಿಗೆ ಹೋದ ಮನುಷ್ಯಾಗ ಕಡೀತಾವ. ದನ ರೋಗ ಹರಡಲಿಲ್ಲ, ಉಣ್ಣಿ ಹೆಚ್ಚಿಸಿತು.

ಹಕ್ಕಿಜ್ವರದ ಲೆಕ್ಕ ಬ್ಯಾರೆ. ಅದು ಮೂಲದಾಗ ನೀರಹಕ್ಕಿಗಳ ರೋಗ, ಹಿಕ್ಕಿಯಿಂದ ಕೆರಿನೀರಿಗೆ ಸೇರ್ತದ. ಆದ್ರ ಫಾರ್ಮಿನಿಂದ ಫಾರ್ಮಿಗೆ ಒಯ್ಯೋದು ಬಹಳ ಸಲ ನಮ್ಮ ಗಾಡಿ, ಪಂಜರ, ಚಪ್ಪಲಿ. 2016ರಲ್ಲಿ ನಮ್ಮ ಬಾಜೂಕಿನ ಬೀದರ ಜಿಲ್ಲೆ ಹುಮನಾಬಾದ ಕಡಿಗೂ ಬಂದಿತ್ತು.

ಜೋಳದ ಹಕ್ಕಿಗೆ ತಟ್ಟಿ ಬಾರಿಸಿ ಓಡಸ್ರಿ, ವಿಷ ಇಡಬ್ಯಾಡ್ರಿ. ಮಿಡತಿ ತಿನ್ನೋದೂ ಅದೇ ಹಕ್ಕಿ. ಕೋಳಿ ಸಾಕಿದವರು ಕಾಳು, ನೀರು ಮುಚ್ಚಿಡ್ರಿ. ಒಂದೇ ಕಡಿ ನಾಕಾರು ಹಕ್ಕಿ ಸತ್ತು ಬಿದ್ದಿದ್ರ ಬರಿಗೈಲೆ ಮುಟ್ಟದೆ ಪಶು ಆಸ್ಪತ್ರೆಗೆ ಫೋನ್ ಹಚ್ಚರಿ.